ಮೂಲ್ಯಗೋಪನ ದೋಷವೆ?

ವ್ಯಾಪಾರದಲ್ಲಿ ಸುಳ್ಳಾಡುವುದು ದೋಷವೆಂಬುದನ್ನು ಸರ್ವರೂ ಒಪ್ಪುವರು. ತೂಕದಲ್ಲಿ ಕಡಮೆ ಮಾಡುವುದು, ಒಳ್ಳೆಯ ಸರಕಿನಲ್ಲಿ ಕೀಳಾದುದನ್ನು ಬೆರಸುವುದು, ಹಳತನ್ನು ಹೊಸತೆಂದು ಮಾರುವುದು, ಇವನ್ನು ಮಾಡುವವನು ಕೂಡ ನಾಲ್ವರ ಮುಂದೆ ನಿಂತು ಸಮರ್ಥಿಸಲಾರನು. ಆದರೆ ಸುಳ್ಳಾಡದೆ, ತೂಕ ತಪ್ಪಿಸದೆ, ಸರಕನ್ನೂ ಕೆಡಿಸದೆ, ಬೆಲೆಯೊಂದನ್ನು ಮಾತ್ರ ಮರೆಮಾಡಿ, ಕೊಳ್ಳಲು ಬಂದವನ ಊರು ಕೇರಿಗಳನ್ನೆಲ್ಲ ವಿಚಾರಿಸಿಕೊಂಡ ಮೇಲೆ "ನಿಮಗೆ ಇಷ್ಟು" ಎನ್ನುವ ವ್ಯಾಪಾರಿಯ ವಿಷಯದಲ್ಲಿ ಏನು ಹೇಳಬೇಕು? ಅವನು ಯಾವ ವಿಧಿಯನ್ನು ಮೀರಿದಂತಾಯಿತು? ಈ ಪ್ರಶ್ನೆಯು ಮೇಲುನೋಟಕ್ಕೆ ಅಂಗಡಿಬೀದಿಯದಾಗಿ ಕಂಡರೂ, ಮೌನವು ಯಾವಾಗ ಅಸತ್ಯವಾಗುತ್ತದೆ ಎಂಬ ಹಳೆಯ ಧರ್ಮಸೂಕ್ಷ್ಮವೇ ಇದರೊಳಗೆ ಅಡಗಿದೆ. ಗೃಹಸ್ಥರಾದ ವಾಚಕರಿಗೆ ಇದು ದಿನನಿತ್ಯದ ಅನುಭವದ ವಿಷಯವೂ ಹೌದು.

ಮೊದಲು ಶಬ್ದವನ್ನು ನೋಡೋಣ. ನಮ್ಮ 'ಬೆಲೆ'ಯು ತಮಿಳಿನ 'ವಿಲೈ' ಎಂಬುದರ ಒಡಹುಟ್ಟು. ಮಾರುವುದೆಂಬ ಅರ್ಥದ ಧಾತುವಿನಿಂದ ಬಂದುದು. ಸಂಸ್ಕೃತದ 'ಮೂಲ್ಯ'ವಾದರೋ ಇನ್ನೂ ವಿಚಾರಾರ್ಹವಾದುದು. ಪಾಣಿನಿಯ ಅಷ್ಟಾಧ್ಯಾಯಿಯ ನಾಲ್ಕನೆಯ ಅಧ್ಯಾಯದಲ್ಲಿ ಒಂದು ಸೂತ್ರವುಂಟು. ಅದರಲ್ಲಿ 'ಮೂಲ' ಶಬ್ದದಿಂದ 'ಮೂಲ್ಯ'ವೂ, 'ತುಲಾ' ಶಬ್ದದಿಂದ 'ತುಲ್ಯ'ವೂ ಒಟ್ಟಿಗೇ ಸಿದ್ಧವಾಗುತ್ತವೆ. ಬೆಲೆಯೂ ಸಮಾನತೆಯೂ ಒಂದೇ ಸೂತ್ರದ ಮಡಿಲಲ್ಲಿ ಕುಳಿತಿರುವುದು ವೈಯಾಕರಣನ ಸಂಕ್ಷೇಪಪ್ರಿಯತೆಯ ಫಲವೇ ಹೊರತು ನೀತಿಬೋಧೆಯಲ್ಲ. ಅದರಿಂದ ಧರ್ಮವನ್ನು ಹಿಂಡಿ ತೆಗೆಯಲು ನಾನು ಹೊರಟಿಲ್ಲ. ಆದರೂ ವಿದ್ಯಾರ್ಥಿಗಳಿಗೆ ಆ ಸೂತ್ರವನ್ನು ಪಾಠ ಹೇಳುವಾಗಲೆಲ್ಲ, ತಕ್ಕಡಿಗೆ ಸಮವಾಗಿ ನಿಂತುದೇ ತುಲ್ಯವೆಂಬ ಅರ್ಥವು ಬೆಲೆಯ ಮಾತಿನ ಮಗ್ಗುಲಲ್ಲೇ ಬರುವುದು ಮನಸ್ಸಿಗೆ ಹಿತವೆನಿಸುತ್ತದೆ.

ಈ ವಿಚಾರಕ್ಕೆ ನನ್ನನ್ನು ಹಚ್ಚಿದವನು ಒಬ್ಬ ಹಳೆಯ ಶಿಷ್ಯ. ನಮ್ಮ ಪಾಠಶಾಲೆಯಲ್ಲಿ ಅಮರಕೋಶ, ಶಬ್ದಮಣಿದರ್ಪಣಗಳನ್ನು ಓದಿ, ಮುಂದೆ ಯಂತ್ರವಿದ್ಯೆಯನ್ನು ಕಲಿತು, ಬೆಂಗಳೂರಿನ ಪೀಣ್ಯದಲ್ಲಿ ಎರಡು ಲೇತುಗಳ ಸಣ್ಣದೊಂದು ಕಾರ್ಖಾನೆಯನ್ನು ನಡೆಸುತ್ತಿದ್ದಾನೆ. ಮುರಿದ ಎಲುಬನ್ನು ಕೂಡಿಸಲು ವೈದ್ಯರು ಬಳಸುವ ತಿರುಪುಗಳ ಮಾದರಿಯನ್ನು ಮಾಡಿಕೊಡುವ ಕೆಲಸ ಅವನಿಗೆ ಬಂದಿತು. ಅದಕ್ಕೆ ಟೈಟೇನಿಯಂ ಮಿಶ್ರಲೋಹ ಬೇಕು. ನೂರು ಪಾಲಿನಲ್ಲಿ ಸುಮಾರು ಆರು ಪಾಲು ಅಲ್ಯೂಮಿನಿಯಂ, ನಾಲ್ಕು ಪಾಲು ವನೇಡಿಯಂ, ಉಳಿದುದು ಟೈಟೇನಿಯಂ. ಉಕ್ಕಿನ ತೂಕದಲ್ಲಿ ಅರ್ಧಕ್ಕಿಂತ ತುಸು ಹೆಚ್ಚು. ಬಲದಲ್ಲಿ ಒಳ್ಳೆಯ ಉಕ್ಕಿಗೆ ಸಾಟಿ. ಶರೀರದ ರಸರಕ್ತಗಳಲ್ಲಿ ತುಕ್ಕು ಹಿಡಿಯದು. ಅವನಿಗೆ ಬೇಕಾದುದು ಒಂದೆರಡು ಮೀಟರು ಉದ್ದದ ಸಣ್ಣ ಸರಳು, ಅಷ್ಟೆ.

ಮಾರುವವರ ಪಟ್ಟಿಗಳನ್ನು ನೋಡಿದನು. ಲೋಹದ ಗುಣ, ಕರಗುವ ಉಷ್ಣತೆ, ಸರಳಿನ ಗಾತ್ರ ಎಲ್ಲವೂ ಅಚ್ಚುಕಟ್ಟಾಗಿ ಮುದ್ರಿತವಾಗಿವೆ. ಬೆಲೆಯಿರಬೇಕಾದ ಕಡೆ "ವಿಚಾರಿಸಿರಿ" ಎಂದಿದೆ. ವಿಚಾರಿಸಿದನು. ಬೆಲೆಯ ಬದಲು ಪ್ರಶ್ನೆಗಳು ಬಂದವು: ಕಾರ್ಖಾನೆ ಯಾವುದು, ತೆರಿಗೆಯ ಸಂಖ್ಯೆ ಯಾವುದು, ವರ್ಷಕ್ಕೆ ಎಷ್ಟು ಬೇಕು, ಯಾರಿಗಾಗಿ ಮಾಡುತ್ತೀರಿ, ಎಂದಿಗೆ ಬೇಕು. ಕಡೆಯ ಪ್ರಶ್ನೆಗೆ ಪ್ರಾಮಾಣಿಕನಾದ ಹುಡುಗ "ಬೇಗ ಬೇಕು" ಎಂದು ಉತ್ತರ ಕೊಟ್ಟನು. ಹತ್ತು ದಿನಗಳ ಮೇಲೆ ಬೆಲೆ ಬಂದಿತು. ಅದೇ ವಾರ, ಅದೇ ಅಂಗಡಿಯಿಂದ, ಅದೇ ಸರಳನ್ನು ಅವನ ಪರಿಚಯದವನೊಬ್ಬನು ಅದರ ಮೂರರಲ್ಲಿ ಎರಡು ಪಾಲು ಬೆಲೆಗೆ ಕೊಂಡಿದ್ದನು. "ಗುರುಗಳೇ, ಅವರು ಸುಳ್ಳು ಹೇಳಲಿಲ್ಲ. ಹೀಗಾಗಿ ಜಗಳವಾಡುವುದಕ್ಕೂ ನನಗೆ ಮಾತು ಸಿಕ್ಕಲಿಲ್ಲ" ಎಂದನು. ಸಿಕ್ಕದ ಆ ಮಾತು ಯಾವುದೆಂಬುದನ್ನು ಹುಡುಕುವುದಕ್ಕಾಗಿಯೇ ಈ ಬರಹ.

ಎಲ್ಲ ಲೋಹಗಳ ವಿಷಯದಲ್ಲಿಯೂ ಹೀಗಿಲ್ಲವೆಂಬುದನ್ನು ಗಮನಿಸತಕ್ಕದ್ದು. ಚಿನ್ನ ಬೆಳ್ಳಿಗಳ ದರವು ಪ್ರತಿದಿನವೂ ವೃತ್ತಪತ್ರಿಕೆಯಲ್ಲಿ ಬರುತ್ತದೆ. ಹಳ್ಳಿಯ ಅಜ್ಜಿಗೂ ಅದು ಗೊತ್ತು. (ಚಿನ್ನದ ದರವನ್ನು ಬೋರ್ಡಿನ ಮೇಲೆ ಬರೆದು, ಕೂಲಿಯನ್ನೂ ವೇಸ್ಟೇಜನ್ನೂ ಮಾತ್ರ ಬಾಯಲ್ಲಿ ಹೇಳುವ ಜಾಣತನ ಬೇರೆ ಇದೆ, ಅದನ್ನು ಬಲ್ಲ ಗೃಹಿಣಿಯರಿಗೆ ನಾನು ಹೇಳಬೇಕಾದುದೇನೂ ಇಲ್ಲ.) ತಾಮ್ರ, ಅಲ್ಯೂಮಿನಿಯಂ, ಸತು, ಸೀಸ, ತವರ, ನಿಕಲ್ ಇವುಗಳ ಬೆಲೆಯು 1877ರಲ್ಲಿ ಲಂಡನ್ನಿನಲ್ಲಿ ಸ್ಥಾಪಿತವಾದ ಲೋಹ ವಿನಿಮಯ ಕೇಂದ್ರದಲ್ಲಿ ಬಹಿರಂಗವಾಗಿ ನಿರ್ಣಯವಾಗುತ್ತದೆ. ಆದರೆ ಟೈಟೇನಿಯಂ, 3422 ಡಿಗ್ರಿ ಸೆಲ್ಸಿಯಸ್ ಉಷ್ಣತೆಯವರೆಗೆ ಕರಗದ ಟಂಗ್‌ಸ್ಟನ್, ಟ್ಯಾಂಟಲಂ ಮೊದಲಾದ ವಿಶೇಷ ಲೋಹಗಳಿಗೆ ಇಂತಹ ಬಯಲಂಗಡಿ ಇಲ್ಲ. ಕೊಡುವವರನ್ನೂ ಕೊಳ್ಳುವವರನ್ನೂ ವಿಚಾರಿಸಿ ಬೆಲೆಯನ್ನು ಅಂದಾಜು ಮಾಡುವ ಸಂಸ್ಥೆಗಳು ಉಂಟು. ಅವು ಆ ಅಂದಾಜನ್ನು ಚಂದಾದಾರರಿಗೆ ಮಾರುತ್ತವೆ. ಎಂದರೆ ಬೆಲೆಯನ್ನು ತಿಳಿಯುವುದಕ್ಕೂ ಬೆಲೆ ತೆರಬೇಕು. ಸಾವಿರ ಟನ್ನು ಕೊಳ್ಳುವವನು ಅದನ್ನು ತೆತ್ತು ತಿಳಿದುಕೊಳ್ಳುತ್ತಾನೆ. ಎರಡು ಮೀಟರು ಸರಳು ಬೇಕಾದವನು ಕತ್ತಲೆಯಲ್ಲಿ ಕೈಯಾಡಿಸುತ್ತಾನೆ.

ಕಾನೂನು ಇಲ್ಲಿ ಹೆಚ್ಚಿನ ಆಸರೆಯನ್ನು ಕೊಡದು. ಬಿಸ್ಕತ್ತಿನ ಪೊಟ್ಟಣದ ಮೇಲೆ ಗರಿಷ್ಠ ಮಾರಾಟ ಬೆಲೆಯನ್ನು ಅಚ್ಚುಹಾಕಬೇಕೆಂದು, 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ ಮೇರೆಗೆ 2011ರಲ್ಲಿ ಜಾರಿಗೆ ಬಂದ ನಿಯಮಗಳು ವಿಧಿಸುತ್ತವೆ. ಆದರೆ ಉದ್ಯಮಕ್ಕಾಗಿ ಕೊಳ್ಳುವವನಿಗೆ ಮಾರುವ ಪೊಟ್ಟಣಗಳನ್ನು ಅವೇ ನಿಯಮಗಳು ಹೊರತುಪಡಿಸಿವೆ. ಉದ್ಯಮಿಯು ತನ್ನ ಹಿತವನ್ನು ತಾನೇ ನೋಡಿಕೊಳ್ಳಬಲ್ಲನೆಂಬುದು ಅದರ ಹಿಂದಿನ ಭಾವನೆಯಾಗಿರಬೇಕು. ಎರಡು ಲೇತುಗಳ ಉದ್ಯಮಿಯನ್ನು ಕಂಡವರು ಹಾಗೆ ಭಾವಿಸುವುದು ಕಷ್ಟ.

ಇನ್ನು ವ್ಯಾಪಾರಿಯ ಪಕ್ಷವನ್ನು ಕೇಳದೆ ತೀರ್ಪು ಹೇಳಬಾರದು. ಪೂರ್ವಪಕ್ಷವನ್ನು ಬಲಪಡಿಸಿ ನಿಲ್ಲಿಸದ ಸಿದ್ಧಾಂತವು ಸಿದ್ಧಾಂತವೇ ಅಲ್ಲ. ಅವನೆನ್ನುವುದು ಹೀಗೆ: "ಈ ಲೋಹಗಳ ದರವು ನಿಂತ ನೆಲದಲ್ಲಿ ನಿಲ್ಲುವುದಿಲ್ಲ. 2023ರ ಆಗಸ್ಟಿನಲ್ಲಿ ಚೀನಾ ದೇಶವು ಗ್ಯಾಲಿಯಂ, ಜರ್ಮೇನಿಯಂಗಳ ರಫ್ತಿಗೂ, 2025ರ ಫೆಬ್ರುವರಿಯಲ್ಲಿ ಟಂಗ್‌ಸ್ಟನ್ ಮೊದಲಾದವುಗಳ ರಫ್ತಿಗೂ ನಿರ್ಬಂಧ ವಿಧಿಸಿತು. ಇಂತಹ ಕಾಲದಲ್ಲಿ ಇಂದು ಬರೆದ ಬೆಲೆಗೆ ನಾಳೆ ಹೇಗೆ ಕೊಡಲಿ? ಅದಲ್ಲದೆ ಒಬ್ಬನು ಇಡೀ ಸರಳನ್ನು ಒಯ್ಯುತ್ತಾನೆ. ಮತ್ತೊಬ್ಬನು ಗೇಣುದ್ದ ಕೊಯ್ದು ಕೊಡೆನ್ನುತ್ತಾನೆ. ಕೊಯ್ಯುವ ಕೂಲಿ ಯಾರದು, ಗರಗಸದ ಬಾಯಿಗೆ ಪುಡಿಯಾಗಿ ಹೋದ ಲೋಹ ಯಾರದು, ಮಿಕ್ಕ ತುಂಡು ವರ್ಷಗಟ್ಟಲೆ ಬಿದ್ದಿದ್ದರೆ ನಷ್ಟ ಯಾರದು? ಒಬ್ಬನು ನಗದು ಕೊಡುತ್ತಾನೆ. ಇನ್ನೊಬ್ಬನು ಮೂರು ತಿಂಗಳು ತಿರುಗಾಡಿಸುತ್ತಾನೆ. ನನ್ನ ದರವನ್ನು ಬೀದಿಯಲ್ಲಿ ತೂಗುಹಾಕಿದರೆ ಎದುರಂಗಡಿಯವನು ಒಂದು ರೂಪಾಯಿ ಇಳಿಸಿ ನನ್ನ ಗಿರಾಕಿಯನ್ನು ಒಯ್ಯುತ್ತಾನೆ." ಈ ಮಾತುಗಳಲ್ಲಿ ಸತ್ಯಾಂಶವಿಲ್ಲವೆನ್ನಲಾಗದು. ವ್ಯಾಪಾರದ ಕಷ್ಟವನ್ನು ಅರಿಯದೆ ಪೀಠದಿಂದ ನುಡಿಯುವುದು ಸುಲಭ.

ಆದರೆ ಒಂದೊಂದನ್ನೂ ತೂಗಿ ನೋಡಿದರೆ ಇವು ಬೆಲೆಯು ಬೇರೆಬೇರೆಯಾಗಿರುವುದಕ್ಕೆ ಕಾರಣಗಳೇ ಹೊರತು, ಬೆಲೆಯನ್ನು ಮುಚ್ಚಿಡುವುದಕ್ಕೆ ಕಾರಣಗಳಲ್ಲ. ದರ ದಿನದಿನವೂ ಬದಲಾಗುವುದಾದರೆ ದಿನಾಂಕವನ್ನು ಹಾಕಿ ಬರೆಯಬಹುದು. ಚಿನ್ನದ ಅಂಗಡಿಯವನು ಹಾಗೆಯೇ ಮಾಡುತ್ತಾನೆ. ಕೊಯ್ಯುವ ಕೂಲಿಯನ್ನು ಬೇರೆ ಸಾಲಿನಲ್ಲಿ ತೋರಿಸಬಹುದು. ಹೆಚ್ಚು ಕೊಂಡವನಿಗೆ ಇಷ್ಟು, ಕಡಮೆ ಕೊಂಡವನಿಗೆ ಇಷ್ಟು, ಸಾಲಕ್ಕೆ ಇಷ್ಟು ಎಂದು ಮೂರು ದರಗಳನ್ನು ಬರೆದರೂ ಅದು ಬಹಿರಂಗವೇ. ಇದು ಆಗುವ ಮಾತೆಂಬುದಕ್ಕೆ ನಿದರ್ಶನವುಂಟು. ಅಮೆರಿಕದ ಷಿಕಾಗೋ ನಗರದಲ್ಲಿ 1901ರಲ್ಲಿ ಆರಂಭವಾದ ಮೆಕ್‌ಮಾಸ್ಟರ್-ಕಾರ್ ಎಂಬ ಸಂಸ್ಥೆಯು ಟೈಟೇನಿಯಂ ಸರಳನ್ನು ಕೂಡ ಇಂತಿಷ್ಟು ಉದ್ದಕ್ಕೆ ಇಂತಿಷ್ಟು ಎಂದು ಪಟ್ಟಿಯಲ್ಲಿಯೇ ಬರೆದು ಮಾರುತ್ತದೆ. ಅಲ್ಲಿ ಬೆಲೆ ಅಗ್ಗವೆಂದು ಯಾರೂ ಹೇಳರು. ಆದರೆ ಕೊಳ್ಳುವವನು ತನ್ನ ಮನೆಯಲ್ಲಿ ಕುಳಿತು ಕೊಳ್ಳಲೋ ಬಿಡಲೋ ಎಂದು ಆಲೋಚಿಸಬಲ್ಲನು. ಎದುರಂಗಡಿಯವನ ಭಯವೊಂದೇ ಉಳಿಯಿತು. ಆ ಭಯದ ಅರ್ಥವೇನು? ಗಿರಾಕಿಯು ಎರಡು ಬೆಲೆಗಳನ್ನು ಹೋಲಿಸಿ ನೋಡಿದರೆ ತನ್ನನ್ನು ಬಿಡುವನೆಂಬುದಲ್ಲವೆ? ಹಾಗಾದರೆ ಅವನ ಲಾಭವು ಗಿರಾಕಿಯ ಅಜ್ಞಾನದ ಮೇಲೆ ನಿಂತಿತು.

ಇಲ್ಲಿಯೇ ಪ್ರಶ್ನೆಯ ಮರ್ಮವಿದೆ. ಹೇಳದಿರುವುದು ಬೇರೆ, ಮರೆಸುವುದು ಬೇರೆ. ಕ್ರಿಸ್ತಪೂರ್ವ 44ರಲ್ಲಿ ರೋಮಿನ ಸಿಸೆರೋ ಪಂಡಿತನು ಕರ್ತವ್ಯಗಳನ್ನು ಕುರಿತು ಬರೆದ ಗ್ರಂಥದ ಮೂರನೆಯ ಭಾಗದಲ್ಲಿ ಇದೇ ವಿಷಯವನ್ನು ಚರ್ಚಿಸಿದ್ದಾನೆ. ರೋಡ್ಸ್ ದ್ವೀಪದಲ್ಲಿ ಕ್ಷಾಮ. ಅಲೆಕ್ಸಾಂಡ್ರಿಯದಿಂದ ಒಬ್ಬ ವರ್ತಕನು ಧಾನ್ಯದ ಹಡಗನ್ನು ತಂದಿದ್ದಾನೆ. ತನ್ನ ಹಿಂದೆಯೇ ಇನ್ನೂ ಅನೇಕ ಹಡಗುಗಳು ಧಾನ್ಯ ತುಂಬಿಕೊಂಡು ಬರುತ್ತಿರುವುದನ್ನು ಅವನು ಕಂಡು ಬಂದಿದ್ದಾನೆ. ಇದನ್ನು ಊರವರಿಗೆ ತಿಳಿಸಬೇಕೆ, ತಿಳಿಸದೆ ಹೆಚ್ಚಿನ ಬೆಲೆಗೆ ಮಾರಬಹುದೆ? ಬ್ಯಾಬಿಲೋನಿನ ಡಯೋಜೆನೀಸನೆಂಬ ಗುರು, ಸರಕಿನ ದೋಷವನ್ನು ಕಾನೂನು ಕೇಳಿದಷ್ಟು ಹೇಳಿದರೆ ಸಾಕು, ಮಿಕ್ಕುದನ್ನು ಹೇಳದಿರುವುದು ಮರೆಸಿದಂತಲ್ಲ ಎನ್ನುತ್ತಾನೆ. ಅವನ ಶಿಷ್ಯನಾದ ಆಂಟಿಪೇಟರನೋ, ಕೊಳ್ಳುವವನು ತಿಳಿಯದೆ ಉಳಿಯುವಂತಹುದು ಏನೂ ಇರಬಾರದೆನ್ನುತ್ತಾನೆ. ಗುರುಶಿಷ್ಯರ ಈ ವಾದದಲ್ಲಿ ಸಿಸೆರೋ ಶಿಷ್ಯನ ಕಡೆಗೆ ತೀರ್ಪು ಕೊಡುತ್ತಾನೆ. ಅವನ ಅಭಿಪ್ರಾಯದ ಸಾರವಿಷ್ಟು: ಬಾಯಿ ಮುಚ್ಚಿಕೊಂಡಿರುವ ಎಲ್ಲ ಸಂದರ್ಭವೂ ಗೋಪನವಲ್ಲ, ಆದರೆ ಯಾರು ತಿಳಿಯಬೇಕೋ ಅವರು ತಿಳಿಯದಿರಲೆಂದು, ತನ್ನ ಲಾಭಕ್ಕಾಗಿ ಬಯಸಿ ಸುಮ್ಮನಿರುವುದು ಗೋಪನ. ಈ ವಿಭಾಗವು ನಮಗೂ ಸಲ್ಲುತ್ತದೆ. ಮೌನದ ದೋಷವು ನಾಲಗೆಯಲ್ಲಿಲ್ಲ, ಅದರ ಹಿಂದಿರುವ ಇಚ್ಛೆಯಲ್ಲಿದೆ.

ನಮ್ಮ ಪ್ರಾಚೀನರು ಈ ವಿಷಯದಲ್ಲಿ ಮೌನವಾಗಿದ್ದರೆಂದು ತಿಳಿಯಬಾರದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ, ಪಟ್ಟಣದ ಬಾಗಿಲಿಗೆ ಬಂದ ವರ್ತಕನು ಸುಂಕದ ಕಟ್ಟೆಯ ಧ್ವಜದ ಬಳಿ ನಿಂತು ತನ್ನ ಸರಕು ಎಷ್ಟು, ಬೆಲೆ ಎಷ್ಟು, ಕೊಳ್ಳುವವರು ಯಾರು ಎಂದು ಮೂರು ಬಾರಿ ಕೂಗಿ ಹೇಳಬೇಕೆಂಬ ವಿಧಿಯಿದೆ. ಇದು ಮುಖ್ಯವಾಗಿ ಅರಸನ ಸುಂಕ ತಪ್ಪಬಾರದೆಂದು ಮಾಡಿದ ಏರ್ಪಾಟು. ಕೊಳ್ಳುವವನ ಮೇಲಣ ಕನಿಕರದಿಂದ ಮಾಡಿದುದಲ್ಲವೆಂಬುದನ್ನು ಒಪ್ಪಬೇಕು. ಮನುಸ್ಮೃತಿಯ ಎಂಟನೆಯ ಅಧ್ಯಾಯವಾದರೋ, ಐದು ದಿನಗಳಿಗೊಮ್ಮೆ ಅಥವಾ ಪಕ್ಷಕ್ಕೊಮ್ಮೆ ಅರಸನು ವರ್ತಕರ ಸಮಕ್ಷಮದಲ್ಲಿ ಬೆಲೆಯನ್ನು ನಿರ್ಣಯಿಸಬೇಕೆನ್ನುತ್ತದೆ. ದರ ಬದಲಾಗುತ್ತದೆಂಬುದು ಅವರಿಗೂ ಗೊತ್ತಿತ್ತು. ಆದುದರಿಂದಲೇ ಐದು ದಿನ. ಬದಲಾಗುವುದನ್ನು ಬದಲಾದಂತೆ ತಿಳಿಸಿರೆಂಬುದು ಅವರ ಪರಿಹಾರ.

ಇವೆಲ್ಲಕ್ಕಿಂತ ನನಗೆ ಪ್ರಿಯವಾದುದು ಮಹಾಭಾರತದ ಶಾಂತಿಪರ್ವದಲ್ಲಿ ಬರುವ ತುಲಾಧಾರನ ಪ್ರಸಂಗ. ಜಾಜಲಿಯೆಂಬ ತಪಸ್ವಿ ಅಲುಗಾಡದೆ ನಿಂತು ತಪಸ್ಸು ಮಾಡಿದನು; ಅವನ ಜಟೆಯಲ್ಲಿ ಹಕ್ಕಿಗಳು ಗೂಡು ಕಟ್ಟಿ ಮರಿ ಮಾಡಿದವು. ಧರ್ಮವನ್ನು ಪಡೆದೆನೆಂದು ಅವನು ಹಿಗ್ಗಿದಾಗ, ವಾರಾಣಸಿಯ ತುಲಾಧಾರನಿಗೆ ನೀನು ಸಮನಲ್ಲವೆಂಬ ವಾಣಿ ಕೇಳಿಸಿತು. ಹೋಗಿ ನೋಡಿದರೆ ಅವನೊಬ್ಬ ಅಂಗಡಿಕಾರ. ಗಂಧ, ರಸ, ಬೇರುನಾರುಗಳನ್ನು ಮಾರುವವನು. ಆತನು ಹೇಳಿಕೊಂಡ ಸಾಧನೆಯಾದರೂ ಏನು? ತನ್ನ ತಕ್ಕಡಿಯು ಎಲ್ಲ ಜೀವಿಗಳಿಗೂ ಸಮವೆಂಬುದು. ನಮ್ಮ ಶರಣರು ಅಂಗಡಿ, ಮಗ್ಗ, ದೋಣಿಗಳನ್ನು ಕಾಯಕದ ನೆಲೆಗಳೆಂದು ಕಂಡುದನ್ನು ಬಲ್ಲ ವಾಚಕರಿಗೆ ಈ ಪ್ರಸಂಗವು ಅಪರಿಚಿತವಾಗಿ ತೋರದು. ತುಲಾಧಾರನ ಮಾತನ್ನು ತೂಕಕ್ಕೆ ಮಾತ್ರ ಅನ್ವಯಿಸಿದರೆ ಅದು ಬಹಳ ಸಣ್ಣದಾಗುತ್ತದೆ. ತೂಕದ ಬಟ್ಟು ಒಂದೇ ಇದ್ದು ದರವು ಮುಖ ನೋಡಿ ಏರಿಳಿದರೆ, ಆ ತಕ್ಕಡಿಯು ಸಮವಾಗಿದ್ದೂ ಸಮವಲ್ಲ. ಮುಳ್ಳು ನೆಟ್ಟಗೆ ನಿಂತಿರುತ್ತದೆ. ಮೋಸವು ಮುಳ್ಳಿಗೆ ಕಾಣದ ಕಡೆಯಲ್ಲಿ ನಡೆದಿರುತ್ತದೆ.

ಆದರೆ ಮುಖ ನೋಡಿ ಬೆಲೆ ಹೇಳುವುದೆಲ್ಲವೂ ಅಧರ್ಮವೆ? ಇಲ್ಲಿ ನಾವು ಎಚ್ಚರದಿಂದಿರಬೇಕು. ಹಿಂದೆ ಹಳ್ಳಿಯ ನಾಟಿವೈದ್ಯನು ಗೌಡರ ಮನೆಯಿಂದ ಚೀಲ ಜೋಳವನ್ನು ಪಡೆದು, ಕೂಲಿಯವನ ಮನೆಯಿಂದ ಎರಡು ವೀಳ್ಯದೆಲೆಯನ್ನು ಪಡೆದು, ಇಬ್ಬರಿಗೂ ಒಂದೇ ಔಷಧವನ್ನು ಕೊಡುತ್ತಿದ್ದನು. ಅದನ್ನು ಅನ್ಯಾಯವೆಂದು ಗೌಡನೂ ಹೇಳಲಿಲ್ಲ. ಭೇದವೇ ದೋಷವಾಗಿದ್ದರೆ ಈ ವೈದ್ಯನೂ ದೋಷಿಯಾಗಬೇಕಾಗಿತ್ತು. ಅವನಿಗೂ ನಮ್ಮ ಲೋಹದ ವರ್ತಕನಿಗೂ ಇರುವ ಅಂತರವೆಂದರೆ, ವೈದ್ಯನ ಭೇದವು ಊರಿಗೆಲ್ಲ ಗೊತ್ತಿತ್ತು, ಮತ್ತು ಅದು ಬಲವುಳ್ಳವನ ಕಡೆಯಿಂದ ಇಲ್ಲದವನ ಕಡೆಗೆ ಹರಿಯುತ್ತಿತ್ತು. ಮರೆಸಿದ ಬೆಲೆಯ ಭೇದವಾದರೋ ತಿರುಗಿ ಹರಿಯುತ್ತದೆ. ದೊಡ್ಡ ಕಾರ್ಖಾನೆಯ ಬೆಲೆಬಲ್ಲ ಅಧಿಕಾರಿಗೆ ಕಡಮೆ, ಹೊಸಬನಿಗೆ ಹೆಚ್ಚು. ಕಾಯಬಲ್ಲವನಿಗೆ ಕಡಮೆ, ಅವಸರದವನಿಗೆ ಹೆಚ್ಚು. ಸರಕಿನ ಪ್ರಮಾಣಕ್ಕೆ ತಕ್ಕ ರಿಯಾಯಿತಿಯನ್ನು ಕಳೆದ ಮೇಲೂ ಉಳಿಯುವ ಆ ಹೆಚ್ಚಳವನ್ನು ಯಾವ ಹೆಸರಿನಿಂದ ಕರೆಯೋಣ? ಸರಕಿಗಲ್ಲ, ಸೇವೆಗಲ್ಲ, ತಿಳಿಯದಿರುವಿಕೆಗೆ ಹಾಕಿದ ಸುಂಕ ಅದು. ನನ್ನ ಶಿಷ್ಯನಿಗೆ ಸಿಕ್ಕದ ಮಾತು ಇದೇ ಎಂದು ನಾನು ತಿಳಿದಿದ್ದೇನೆ. ಅವನಿಗೆ ಹೇಳಿದ ಬೆಲೆಯು ಸುಳ್ಳಲ್ಲ. ಆದರೆ ಅದನ್ನು ಕಟ್ಟಿದುದು ಲೋಹವನ್ನು ತೂಗಿ ಅಲ್ಲ, ಅವನನ್ನು ತೂಗಿ.

ಬೆಲೆಯನ್ನು ಬಯಲಿಗಿಟ್ಟರೆ ಎಲ್ಲವೂ ಸರಿಹೋಗುವುದೆಂದೂ ಅಲ್ಲ. 2022ರ ಮಾರ್ಚ್ 8ರಂದು ಲಂಡನ್ನಿನ ಅದೇ ಬಹಿರಂಗ ಪೇಟೆಯಲ್ಲಿ ನಿಕಲ್ಲಿನ ದರವು ಟನ್ನಿಗೆ ಒಂದು ಲಕ್ಷ ಡಾಲರನ್ನು ದಾಟಿ, ಆ ದಿನದ ವ್ಯವಹಾರವನ್ನೇ ರದ್ದುಮಾಡಬೇಕಾಯಿತು. ಬಯಲಿನಲ್ಲಿಯೂ ಬಿರುಗಾಳಿ ಏಳುತ್ತದೆ. ಆದರೆ ಅಲ್ಲಿ ಬಿರುಗಾಳಿ ಎದ್ದುದು ಲೋಕಕ್ಕೆಲ್ಲ ಕಂಡಿತು.

ಮರೆಯಿಂದ ಬಯಲಿಗೆ ಬರುವುದು ನಮ್ಮ ನಾಡಿಗೆ ಹೊಸದಲ್ಲ. ದನದ ಜಾತ್ರೆಗಳಲ್ಲಿ ದಲ್ಲಾಳಿಯು ಕೊಳ್ಳುವವನ ಕೈಯನ್ನು ಟವೆಲಿನ ಮರೆಯಲ್ಲಿ ಹಿಡಿದು ಬೆರಳುಗಳಿಂದ ಬೆಲೆ ಸೂಚಿಸುವುದನ್ನು ಅನೇಕರು ಕಂಡಿರಬಹುದು. ಸುತ್ತಲೂ ನಿಂತ ನೂರು ಜನರಿಗೆ ಮುಖದ ನಗು ಕಾಣುತ್ತದೆ, ಬೆಲೆ ಕಾಣುವುದಿಲ್ಲ. ಧಾನ್ಯದ ಪೇಟೆಗಳಲ್ಲಿಯೂ ಈ ಪದ್ಧತಿ ಇದ್ದು, ರೈತನಿಗೆ ತನ್ನ ಬೆಳೆಯ ಬೆಲೆಯೇ ಕಡೆಗೆ ತಿಳಿಯುತ್ತಿತ್ತು. ಮುಂಬಯಿ ಪ್ರಾಂತದಲ್ಲಿ 1939ರಲ್ಲಿ, ನಮ್ಮ ರಾಜ್ಯದಲ್ಲಿ 1966ರಲ್ಲಿ ಆದ ಕೃಷಿ ಉತ್ಪನ್ನ ಮಾರುಕಟ್ಟೆಯ ಕಾಯ್ದೆಗಳು ಬಹಿರಂಗ ಹರಾಜು, ಟೆಂಡರುಗಳ ದಾರಿಯನ್ನು ತೆರೆದವು. ಆ ದಾರಿಯಲ್ಲಿ ಮುಳ್ಳುಗಳು ಇನ್ನೂ ಇವೆ. ಅದು ಬೇರೆ ಮಾತು. ಹೊರನಾಡುಗಳಲ್ಲಿಯೂ ಹೀಗೆಯೇ. ಜಪಾನಿನ ಎದೋ ನಗರದಲ್ಲಿ 1673ರಲ್ಲಿ ಬಟ್ಟೆಯಂಗಡಿಯನ್ನು ತೆರೆದ ಮಿತ್ಸುಯಿ ಮನೆತನದವರು ನಗದು ಮತ್ತು ಒಂದೇ ಬೆಲೆಯೆಂಬ ಪದ್ಧತಿಯಿಂದ ಹೆಸರಾದರು. ಅದೇ ಶತಮಾನದಲ್ಲಿ ಇಂಗ್ಲೆಂಡಿನ ಕ್ವೇಕರ್ ಪಂಥದ ಅಂಗಡಿಕಾರರು, ತಾನು ಒಪ್ಪುವ ಬೆಲೆಗಿಂತ ಹೆಚ್ಚನ್ನು ಕೇಳುವುದೇ ಸುಳ್ಳೆಂದು ಭಾವಿಸಿ ಒಂದೇ ಮಾತಿನ ಬೆಲೆಯನ್ನು ಹಿಡಿದರು. ಮೊದಮೊದಲು ಗಿರಾಕಿಗಳು ಅವರನ್ನು ಬಿಟ್ಟುಹೋದರಂತೆ. ಆಮೇಲೆ ಚಿಕ್ಕ ಮಗುವನ್ನು ಕಳುಹಿಸಿದರೂ ಮೋಸವಾಗದೆಂದು ತಿರುಗಿ ಬಂದರಂತೆ. ಮಗುವನ್ನು ಅಂಗಡಿಗೆ ಕಳುಹಿಸಬಹುದೆ ಎಂಬುದು ಒಳ್ಳೆಯ ಒರೆಗಲ್ಲು. ಇಂದು ವಿಶೇಷ ಲೋಹದ ಅಂಗಡಿಗೆ ಮಗುವನ್ನಿರಲಿ, ಇಂಜಿನಿಯರನನ್ನು ಕಳುಹಿಸುವುದಕ್ಕೂ ಯೋಚಿಸಬೇಕು.

ಇಷ್ಟು ಹೇಳಿ ಕೊಳ್ಳುವವರನ್ನು ನಿರ್ದೋಷಿಗಳೆಂದು ಬಿಟ್ಟರೆ ಅದೂ ಒಂದು ಬಗೆಯ ಪಕ್ಷಪಾತವಾದೀತು. ಕೊಳ್ಳುವ ಮನಸ್ಸಿಲ್ಲದೆ ಹತ್ತು ಅಂಗಡಿಗಳಲ್ಲಿ ಬೆಲೆ ಬರೆಸಿಕೊಂಡು, ಹನ್ನೊಂದನೆಯವನ ಮುಂದೆ ಆ ಕಾಗದಗಳನ್ನು ಹರಡಿ ಅವನನ್ನು ಇಳಿಸುವವರುಂಟು. ಒಬ್ಬ ವ್ಯಾಪಾರಿ ನಂಬಿ ಹೇಳಿದ ದರವನ್ನು ಅವನ ಸ್ಪರ್ಧಿಗೆ ತಲುಪಿಸಿ ಎರಡು ರೂಪಾಯಿ ಉಳಿಸುವವರುಂಟು. ಮನೆ ಮಾರುವಾಗ, ಹೊಲ ಮಾರುವಾಗ, ಕಡೆಗೆ ವಧೂವರರ ಮಾತುಕತೆಯಲ್ಲಿಯೂ "ನೀವೇ ಹೇಳಿ", "ಮೊದಲು ನೀವು ಹೇಳಿ" ಎಂದು ಮಾತನ್ನು ತಳ್ಳಾಡುವ ನಾವು, ಲೋಹದ ವರ್ತಕನೊಬ್ಬನನ್ನೇ ಗೋಪನಕಾರನೆಂದು ಹಳಿಯುವುದು ಹೇಗೆ? ಎದುರಿನವನ ಅಗತ್ಯವೆಷ್ಟೆಂದು ಮೊದಲು ತಿಳಿದು ಆಮೇಲೆ ಬಾಯಿ ಬಿಡುವ ಅಭ್ಯಾಸವು ಇಬ್ಬರಿಗೂ ಸಮಾನವಾದುದು. ದೇವಸ್ಥಾನಗಳ ಗೋಡೆಯ ಮೇಲೆ ಸೇವೆಗಳ ದರಪಟ್ಟಿಯನ್ನು ಕಂಡು ಕೆಲವರು ಮೂಗು ಮುರಿಯುತ್ತಾರೆ. ದೇವರಿಗೂ ದರವೆ ಎನ್ನುತ್ತಾರೆ. ನನಗೆ ಅದರಲ್ಲಿ ಅಷ್ಟು ಕೆಡುಕು ಕಾಣದು. ಬರೆಯದೆ ಬಿಟ್ಟಿದ್ದರೆ ಭಕ್ತನ ಉಡುಪನ್ನು ನೋಡಿ ಹೇಳುವವರು ಹುಟ್ಟಿಕೊಳ್ಳುತ್ತಿದ್ದರು.

ಹುಬ್ಬಳ್ಳಿಯಲ್ಲಿ ಹಿತ್ತಾಳೆ, ಕಂಚಿನ ಸರಳುಗಳನ್ನು ಮಾರುವ ಇನ್ನೊಬ್ಬ ಶಿಷ್ಯನಿದ್ದಾನೆ. ಪ್ರತಿದಿನ ಬೆಳಗ್ಗೆ ಬಾಗಿಲ ಬಳಿಯ ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಆ ದಿನದ ದರವನ್ನೂ ಕೊಯ್ಯುವ ಕೂಲಿಯನ್ನೂ ಬರೆಯುತ್ತಾನೆ. ವ್ಯಾಪಾರ ಕೆಟ್ಟಿತೆ ಎಂದು ಕೇಳಿದೆ. ಕೆಲವು ದೊಡ್ಡ ಗಿರಾಕಿಗಳು ತಪ್ಪಿದರು, ಸಣ್ಣವರು ಹೆಚ್ಚಿದರು, ಒಟ್ಟಿನಲ್ಲಿ ನಡೆದುಕೊಂಡು ಹೋಗುತ್ತಿದೆ ಎಂದನು. ಅವನಿಗಿರುವ ಬೇಸರವೊಂದೇ. ಬಂದವರು ಹಲಗೆಯನ್ನು ಮೇಲಿನಿಂದ ಕೆಳಗಿನವರೆಗೆ ಓದುತ್ತಾರೆ, ಓದಿ ಒಳಗೆ ಬಂದು, ಕುರ್ಚಿ ಎಳೆದುಕೊಂಡು ಕುಳಿತು, "ಅದಿರಲಿ, ನಮಗೆಷ್ಟಕ್ಕೆ ಕೊಡ್ತೀರಿ?" ಎಂದು ಕೇಳುತ್ತಾರಂತೆ.